ದಿಲ್ಲಿಯಿಂದ ಬರುವ ಮಾತ್ರೆ

ಪೂರ್ವ ಕಿದ್ವಾಯಿ ನಗರ, ನವದೆಹಲಿ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ಅಮ್ಮಾ,

ನಿನ್ನ ಗೋಪಿಯ ನಮಸ್ಕಾರಗಳು. ಹೇಗಿದ್ದೀಯ? ಪ್ರತಿ ತಿಂಗಳೂ ಮಾತ್ರೆಯ ಡಬ್ಬಿಯ ಜೊತೆ ಕಾಗದ ಬರೆಯುವಾಗ ಈ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಕೈ ನಡುಗುವುದು ಹೇಗಿದೆ? ಎದೆ ಡವಡವ ಎನ್ನುವುದು ದಿನಕ್ಕೆ ಎಷ್ಟು ಸಲ? ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ? ಫೋನಿನಲ್ಲಿ ಹೇಳುವ ಹಾಗೆ ‘ನನಗೇನೋ, ಗುಂಡುಕಲ್ಲಿನ ಹಾಗಿದೀನಿ’ ಎಂದು ಮಾತ್ರ ಹೇಳಬೇಡ. ಗುಂಡುಕಲ್ಲು ಐದು ವರ್ಷದಲ್ಲಿ ಇಪ್ಪತ್ನಾಲ್ಕು ಕಿಲೋ ಕರಗುವುದಿಲ್ಲ.

ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಹೊಗೆ ಇಳಿದು ಎದುರಿನ ಟವರ್ ಕಾಣುತ್ತಿಲ್ಲ. ಸುಮಿತ್ರಾ ಕಿಟಕಿಗಳ ಸಂದಿಗೆಲ್ಲ ನನ್ನ ಹಳೆಯ ಬನಿಯನ್ನು ತುರುಕಿದ್ದಾಳೆ. ಶಾಲೆ ಮುಚ್ಚಿದರೆ ಮನೆಯಿಂದಲೇ ಪಾಠ ಎಂದು ಅನನ್ಯಾಳಿಗೆ ಒಳಗೊಳಗೇ ಖುಷಿ. ನಾನು ಈ ಕಾಗದ ಬರೆಯಲು ಬೆಳಿಗ್ಗೆಯಿಂದ ನಾಲ್ಕು ಸಲ ಕೂತು ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ತುಳಸಿಗೆ ನೀರು ಹಾಕಿದೆ, ಒಮ್ಮೆ ಸೋರದ ನಲ್ಲಿಯನ್ನು ಬಿಚ್ಚಿ ಸೋರುವ ಹಾಗೆ ಮಾಡಿದೆ. ‘ಕಾಲಿಗೆ ಚಕ್ರ ಕಟ್ಕೊಂಡೋರ ಹಾಗೆ ಯಾಕೆ ತಿರುಗ್ತೀರಿ, ಕೂತು ಬರೀರಿ, ಆ ಕಡೆ ಅತ್ತೆ ಕಾಯ್ತಿದಾರೆ’ ಎಂದು ಸುಮಿತ್ರಾ ಬೈದ ಮೇಲೆ ಊಟದ ಮೇಜಿಗೆ ಬಂದು ಕೂತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಮುಗಿದ ಕೂಡಲೇ ಪುಟಗಳ ಫೋಟೋ ತೆಗೆದು ತಂಗಿ ಗಾನವಿಯ ಮೊಬೈಲಿಗೆ ಕಳಿಸುತ್ತೇನೆ, ಇವತ್ತೇ ಓದು. ಕಾಗದವೂ ಸ್ಪೀಡ್ ಪೋಸ್ಟಿನಲ್ಲಿ ಹಿಂದೆಯೇ ಬರುತ್ತದೆ.

ವಿಷಯ ನಿನಗೆ ಅರ್ಧ ಗೊತ್ತಿದೆ. ಎದುರಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೋ ಎಂದು ನಿನ್ನೆ ಸಂಜೆ ಗಾನವಿ ಹೇಳಿದಳು, ನಿನ್ನ ಅಳಿಯ ಇಂದುಶೇಖರ ಹೇಳಿದರು, ಫೋನಿನಲ್ಲಿ ನಾನೂ ಹೇಳಿದೆ. ನೀನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ‘ಗೋಪಿ ಬರೆದು ಕಳಿಸ್ಲಿ, ಆಮೇಲೆ ನೋಡೋಣ.’ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತವರ ಹೆಂಡತಿ ನೀನು, ಆಡಿದ್ದು ಹಾರುತ್ತೆ, ಬರೆದದ್ದು ನಿಲ್ಲುತ್ತೆ ಎಂದು ಅಪ್ಪನಿಗಿಂತ ಹೆಚ್ಚು ಸಲ ಹೇಳಿದವಳು. ಅದಕ್ಕೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ನೀನು ಆ ರಸ್ತೆ ದಾಟಬೇಕು. ಯಾಕೆ ಎಂದು ಮೊದಲಿನಿಂದ ಹೇಳಿದರೆ ಮಾತ್ರ ನೀನು ದಾಟುತ್ತೀಯ ಎಂದು ನನಗೆ ಗೊತ್ತು.

ಅಪ್ಪ ಹೋದ ವರ್ಷ ನೀನು ನಮ್ಮ ಜೊತೆ ಹತ್ತು ತಿಂಗಳು ಇದ್ದೆಯಲ್ಲ, ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸಿನಲ್ಲಿ. ಮೈ ಊದಿಕೊಂಡು, ಕೂತಲ್ಲೇ ತೂಕಡಿಸುತ್ತ, ಬೇಸಿಗೆಯಲ್ಲೂ ಶಾಲು ಕೇಳುತ್ತಿದ್ದೆ. ದುಃಖಕ್ಕೆ ಹೀಗಾಗಿದೆ ಎಂದು ನಾವು ಅಂದುಕೊಂಡಿದ್ದೆವು. ನನ್ನ ಆರೋಗ್ಯ ಕಾರ್ಡಿಗೆ ನಿನ್ನ ಹೆಸರು ಸೇರಿಸಿ ನಮ್ಮ ನೌಕರರ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದಾಗ, ಅಲ್ಲಿನ ಹಿರಿಯ ಡಾಕ್ಟರು ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದು ಕಂಡುಹಿಡಿದರು. ಆಗ ನಿನ್ನ ತೂಕ ಎಪ್ಪತ್ತೊಂದು. ಆ ತೂಕ ನೋಡಿ ನೂರ ಇಪ್ಪತ್ತೈದರ ಮಾತ್ರೆ ಬರೆದರು. ಎರಡೇ ತಿಂಗಳಲ್ಲಿ ನೀನು ಮತ್ತೆ ನೀನಾದೆ, ಮಾರ್ಕೆಟ್ಟಿಗೆ ಹೋಗಿ ಸ್ವೆಟರಿನವನ ಜೊತೆ ಕನ್ನಡದಲ್ಲೇ ಜಗಳ ಆಡಿ ಗೆದ್ದು ಬಂದೆ. ಭಯ್ಯಾ ಎನ್ನುವುದೊಂದು ಬಿಟ್ಟು ನಿನಗೆ ಬೇರೆ ಹಿಂದಿ ಬರುತ್ತಿರಲಿಲ್ಲ. ಆಮೇಲೆ ಗಾನವಿಯ ಬಾಣಂತನಕ್ಕೆ ಬಾಣಾವರಕ್ಕೆ ಹೋದವಳು ಅಲ್ಲೇ ನಿಂತೆ. ಮಗು ನಿನ್ನನ್ನು ಬಿಡಲಿಲ್ಲ, ನೀನೂ ಮಗುವನ್ನು ಬಿಡಲಿಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಕೈಯಲ್ಲಿ ಉಳಿದದ್ದು ನಿನ್ನ ಮಾತ್ರೆ ಒಂದೇ.

ಆ ಮಾತ್ರೆಯನ್ನು ನಾನು ಬಿಡಲಿಲ್ಲ. ಕಾರ್ಡಿನ ನಿಯಮದ ಪ್ರಕಾರ ನೀನು ನನ್ನ ಜೊತೆಯಲ್ಲೇ ವಾಸ ಇರಬೇಕು. ಇದ್ದೀಯ ಎಂದು ಬರೆದುಕೊಟ್ಟೆ. ಪ್ರತಿ ತಿಂಗಳು ಎರಡನೇ ಮಂಗಳವಾರ ಆಫೀಸಿಗೆ ಮುಂಚೆ ಹೋಗಿ, ಟೋಕನ್ ತೆಗೆದುಕೊಂಡು, ಸಾಲಿನಲ್ಲಿ ನಿಂತೆ. ಅಲ್ಲಿ ಸಾಲು ಎಂದರೆ ಜನರ ಸಾಲಲ್ಲ. ಬೇಗ ಬಂದವರು ಕುರ್ಚಿಯ ಮೇಲೆ ತಮ್ಮ ತಮ್ಮ ಚೀಟಿ ಪುಸ್ತಕ ಇಟ್ಟು ಹೊರಗೆ ಚಹಾ ಕುಡಿಯುತ್ತಾರೆ, ಪುಸ್ತಕಗಳೇ ಕಾಯುತ್ತವೆ. ನಿನ್ನ ಪುಸ್ತಕವೂ ಕಾಯುತ್ತಿತ್ತು. ಹಿರಿಯ ಡಾಕ್ಟರು ‘ಮಾತಾಜಿ ಕೈಸೀ ಹೈಂ’, ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಠೀಕ್ ಹೈಂ, ಮೊಣಕಾಲು ನೋವು, ಮೆಟ್ಟಿಲು ಇಳಿಯಲಾರರು ಎನ್ನುತ್ತಿದ್ದೆ. ಒಮ್ಮೆ ಕರೆದುಕೊಂಡು ಬಾ ಎಂದು ಅವರು ಹೇಳದ ತಿಂಗಳಿಲ್ಲ, ಹೂಂ ಎಂದು ನಾನು ತಲೆ ಆಡಿಸದ ತಿಂಗಳೂ ಇಲ್ಲ. ಮಾತ್ರೆ ಕೈಗೆ ಬಂದ ಮೇಲೆ ಸೋನ್‌ಪಾಪ್ಡಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, ಮೇಲೆ ನನ್ನ ಕೈಯಾರೆ ಚೀಟಿ ಬರೆಯುತ್ತಿದ್ದೆ: ಬೆಳಿಗ್ಗೆ. ಖಾಲಿ ಹೊಟ್ಟೆ. ಒಂದು. ನೀರಿನ ಜೊತೆ. ಆ ಚೀಟಿಯನ್ನು ನೀನು ದೇವರ ಗೂಡಿನ ಬಾಗಿಲಿಗೆ ಅಂಟಿಸಿದ್ದೀಯ ಎಂದು ಗಾನವಿ ಹೇಳಿದ ದಿನ ನಾನು ಇಡೀ ಸೆಕ್ಷನ್ನಿಗೆ ಸಮೋಸ ಕೊಡಿಸಿದ್ದೆ. ಮಗನಾಗಿ ಇನ್ನೇನು ಮಾಡಬೇಕು ಎಂದು ಅಂದುಕೊಂಡಿದ್ದೆ.

ಇಷ್ಟರಲ್ಲಿ ನಿನ್ನ ಕೈ ನಡುಗಲು ಶುರುವಾಯಿತು. ಬಳೆ ಮೊಣಕೈವರೆಗೆ ಸರಿಯುತ್ತದೆ ಎಂದು ನೀನು ನಕ್ಕೆ. ರವಿಕೆಗಳನ್ನು ಎರಡು ಸಲ ಹಿಡಿಸಿಕೊಂಡೆ. ಚಳಿಯಲ್ಲೂ ಬೆವರು, ಒಂದು ಕಡೆ ಕೂರುವುದಕ್ಕಾಗುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು. ವಯಸ್ಸಾಯಿತು ಎಂದು ನೀನು ಅಂದೆ. ವಯಸ್ಸಾಯಿತು ಎಂದು ನಾನೂ ಅಂದೆ. ಮಾತ್ರೆ ತಪ್ಪಿಸಬೇಡ ಎಂದೂ ಹೇಳಿದೆ.

ಈಗ ಮಂಗಳವಾರದ ವಿಷಯ. ಹಿರಿಯ ಡಾಕ್ಟರು ನಿವೃತ್ತರಾಗಿ ಅವರ ಕುರ್ಚಿಯಲ್ಲಿ ಹೊಸ ಡಾಕ್ಟರಮ್ಮ ಬಂದಿದ್ದಾರೆ. ವಯಸ್ಸು ಮೂವತ್ತೈದು ದಾಟಿರಲಿಕ್ಕಿಲ್ಲ, ಮಾತು ಕಡಿಮೆ, ಕನ್ನಡಕದ ಮೇಲಿನಿಂದ ನೋಡುತ್ತಾರೆ. ನಿನ್ನ ಪುಸ್ತಕ ತಿರುವಿ, ಕಂಪ್ಯೂಟರ್ ನೋಡಿ, ಪೇಶೆಂಟ್ ಎಲ್ಲಿ ಎಂದು ಕೇಳಿದರು. ನಾನು ಬಾಯಿಪಾಠ ಒಪ್ಪಿಸಿದೆ, ಮೊಣಕಾಲು, ಮೆಟ್ಟಿಲು. ಮನೆ ಎಲ್ಲಿ ಎಂದರು. ಪೂರ್ವ ಕಿದ್ವಾಯಿ ನಗರ ಎಂದೆ. ಅವರು ಪೆನ್ನು ಕೆಳಗಿಟ್ಟು, ‘ವಹಾಂ ತೋ ಲಿಫ್ಟ್ ಹೈ’, ಅಲ್ಲಿ ಲಿಫ್ಟ್ ಇದೆಯಲ್ಲ ಎಂದರು. ಅಮ್ಮಾ, ನಾವು ಹಳೆಯ ಕ್ವಾರ್ಟರ್ಸ್ ಬಿಟ್ಟು ಈ ಹೊಸ ಟವರಿಗೆ ಬಂದು ಮೂರು ವರ್ಷವಾಯಿತು. ಮನೆ ಬದಲಾಯಿಸಿದೆ, ವಿಳಾಸ ಬದಲಾಯಿಸಿದೆ, ಗ್ಯಾಸಿನ ಕನೆಕ್ಷನ್ ಬದಲಾಯಿಸಿದೆ, ಸುಳ್ಳನ್ನು ಬದಲಾಯಿಸುವುದು ಮರೆತೆ. ಲಿಫ್ಟ್ ಕೆಟ್ಟಿದೆ ಎನ್ನಬಹುದಿತ್ತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಐದು ವರ್ಷದಿಂದ ಯಾರೂ ಇವರನ್ನು ಕಣ್ಣಿಂದ ನೋಡಿಲ್ಲ, ತೂಕ ಬರೆದಿಲ್ಲ, ಬಿಪಿ ಬರೆದಿಲ್ಲ, ಇರಲಿ, ಶನಿವಾರ ಡ್ಯೂಟಿ ಮುಗಿಸಿ ಹೋಗುವಾಗ ನಿಮ್ಮ ಟವರ್ ದಾರಿಯಲ್ಲೇ, ನಾನೇ ಬಂದು ನೋಡುತ್ತೇನೆ ಎಂದರು. ಈ ಊರಿನಲ್ಲಿ ಕರೆದರೂ ಮನೆಗೆ ಬರದ ಡಾಕ್ಟರುಗಳ ನಡುವೆ ಇವರೊಬ್ಬರು ಕರೆಯದೆ ಬರುತ್ತೇನೆ ಎನ್ನುತ್ತಾರೆ. ನಾನು ಥ್ಯಾಂಕ್ಯೂ ಎಂದು ಹೊರಗೆ ಬಂದು, ಬಸ್‌ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟೆ. ನಿನಗೆ ಫೋನ್ ಮಾಡೋಣ ಎಂದುಕೊಂಡೆ. ಮಾಡಿ ಏನು ಹೇಳುವುದು? ಬುಧವಾರದಿಂದ ಶುಕ್ರವಾರದವರೆಗೆ ನಾನು ಆಫೀಸಿನಲ್ಲಿ ಮಾಡಿದ ಕೆಲಸವನ್ನೆಲ್ಲ ಇನ್ನೊಮ್ಮೆ ಮಾಡಬೇಕು. ನಿನ್ನನ್ನು ವಿಮಾನದಲ್ಲಿ ಕರೆಸಿಬಿಡಲೇ ಎಂದು ಯೋಚಿಸಿದೆ. ಮೂರನೇ ಮಹಡಿಯ ಚಂದ್ರಮೋಹನರ ತಾಯಿಯನ್ನು ಅರ್ಧ ಗಂಟೆ ನಮ್ಮ ಮನೆಯಲ್ಲಿ ಮಲಗಿಸಿಕೊಳ್ಳೋಣವೇ ಎಂದೂ ಯೋಚಿಸಿದೆ. ನಗಬೇಡ, ಸುಮಿತ್ರಾಳಿಗೆ ಹೇಳಿಯೂ ಹೇಳಿದೆ. ಅವಳು ಮಡಿಸುತ್ತಿದ್ದ ಚಾದರ ಕೆಳಗೆ ಹಾಕಿ, ‘ನಾನು ಮಾಡಿದ್ದೇ ಸಾಕು, ಇನ್ನೊಬ್ಬರನ್ನ ಇದರೊಳಗೆ ಎಳೀಬೇಡಿ’ ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಬೇಕಾದಷ್ಟೇ ಮಾತು.

ನಮ್ಮ ಮನೆಗೆಲಸಕ್ಕೆ ಬರುವ ಕಮಲೇಶ್ ನಿನಗೆ ನೆನಪಿರಬೇಕು, ನಿನ್ನಿಂದ ‘ಸಾಕು’ ಎನ್ನುವ ಮಾತು ಕಲಿತು ಎಲ್ಲದಕ್ಕೂ ಸಾಕು ಸಾಕು ಎನ್ನುತ್ತಿದ್ದಳಲ್ಲ, ಅವಳು. ಅವಳಿಗೆ ಬಿಪಿ. ಅವಳಿರುವ ಗಲ್ಲಿಯಲ್ಲಿ ಸರ್ಕಾರಿ ಕ್ಲಿನಿಕ್ ಇದೆ, ದುಡ್ಡು ಕೇಳುವುದಿಲ್ಲ. ಆದರೆ ಅದು ತೆರೆಯುವುದು ಅವಳು ಕೆಲಸಕ್ಕೆ ಹೊರಟ ಮೇಲೆ, ಮುಚ್ಚುವುದು ಅವಳು ಏಳನೇ ಮನೆಯ ಪಾತ್ರೆ ತೊಳೆಯುವ ಹೊತ್ತಿಗೆ. ಸಂಜೆ ತೆರೆದಿರುವವನು ಬೋರ್ಡಿಲ್ಲದ ಒಬ್ಬ ಡಾಕ್ಟರ್, ಎಲ್ಲದಕ್ಕೂ ಒಂದೇ ಕೆಂಪು ಇಂಜೆಕ್ಷನ್. ಗುರುವಾರ ಅವಳು ಒರೆಸುವ ಬಟ್ಟೆ ಹಿಂಡುತ್ತ ನನ್ನ ಕಥೆಯನ್ನೆಲ್ಲ ಕೇಳಿ, ‘ಭಯ್ಯಾ, ಮಾಜಿ ಕೇ ಘರ್ ಕೇ ಪಾಸ್ ಅಸ್ಪತಾಲ್ ನಹೀಂ ಹೈ ಕ್ಯಾ’, ಅಮ್ಮನ ಮನೆಯ ಹತ್ತಿರ ಆಸ್ಪತ್ರೆ ಇಲ್ಲವೇ ಎಂದು ಕೇಳಿದಳು. ಇದೆ, ಎದುರಿಗೇ ಇದೆ ಎಂದೆ. ಅವಳು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. ನಮ್ಮ ಮನೆಯ ಕೆಲಸಕ್ಕೆ ಮಧ್ಯಾಹ್ನದ ಮೇಲೆ ಬಾ ಎಂದು ಸುಮಿತ್ರಾ ಈಗ ಅವಳಿಗೆ ಹೇಳಿದ್ದಾಳೆ. ಇದನ್ನು ಆರು ವರ್ಷದ ಹಿಂದೆಯೇ ಹೇಳಬಹುದಿತ್ತು.

ಶನಿವಾರ, ಅಂದರೆ ನಿನ್ನೆ, ಎರಡೂವರೆಗೆ ಡಾಕ್ಟರಮ್ಮ ಬಂದೇ ಬಂದರು, ಮುಖಕ್ಕೆ ಮಾಸ್ಕ್, ಕೈಯಲ್ಲಿ ಬಿಪಿ ನೋಡುವ ಯಂತ್ರ. ಬಾಗಿಲಲ್ಲೇ ಹೇಳಿಬಿಡಬೇಕು ಎಂದು ನಿಂತಿದ್ದೆ, ನಾನು ಬಾಯಿ ತೆರೆಯುವ ಮೊದಲೇ ‘ಕಹಾಂ ಹೈಂ ಮಾತಾಜಿ’, ಎಲ್ಲಿದ್ದಾರೆ ಎಂದು ಒಳಗೆ ನಡೆದರು. ನಿನ್ನ ಕೋಣೆ ಎಂದು ನಾವು ಈಗಲೂ ಕರೆಯುವ ಕೋಣೆಯಲ್ಲಿ ಮಂಚದ ಮೇಲೆ ಇಸ್ತ್ರಿಗೆ ಹೋಗುವ ಬಟ್ಟೆಯ ರಾಶಿ ಇತ್ತು. ಅವರು ಬಟ್ಟೆ ನೋಡಿದರು, ನನ್ನನ್ನು ನೋಡಿದರು. ಆಗ ಹೇಳಿದೆ. ನೀನು ಇಲ್ಲಿಲ್ಲ, ಐದು ವರ್ಷದಿಂದ ಇಲ್ಲ, ಎರಡು ಸಾವಿರ ಕಿಲೋಮೀಟರ್ ದೂರದಲ್ಲಿದ್ದೀಯ, ಮಾತ್ರೆ ಅಂಚೆಯಲ್ಲಿ ಹೋಗುತ್ತದೆ ಎಂದು. ಅನನ್ಯಾ ಅಲ್ಲೇ ನಿಂತಿದ್ದಳು. ಮಗಳ ಮುಂದೆ ಸುಳ್ಳುಗಾರನಾಗುವುದು ಹೇಗಿರುತ್ತದೆ ಎಂದು ನಾನು ಬರೆಯುವುದಿಲ್ಲ, ನಿನಗೆ ಬೇಡ ಆ ಸಂಕಟ.

ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ಮಂಚದ ಮೇಲೆ ಕೂತು, ಈಗ ತೂಕ ಎಷ್ಟು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತು ಮಾಡಿ, ಕಾಯುತ್ತೇನೆ ಎಂದರು. ಗಾನವಿಗೆ ಫೋನ್ ಹಚ್ಚಿದೆ. ನಿನ್ನೆ ಮಧ್ಯಾಹ್ನ ಅವಳು ತಾನು ಪಾಠ ಮಾಡುವ ಶಾಲೆಯಿಂದ ಮಕ್ಕಳ ತೂಕ ನೋಡುವ ಯಂತ್ರ ತಂದು, ಇದು ಸರಿ ಇದೆಯೋ ಇಲ್ಲವೋ ನೋಡೋಣ ಹತ್ತಮ್ಮ ಎಂದು ನಿನ್ನನ್ನು ನಿಲ್ಲಿಸಿದಳಲ್ಲ, ಅದು ಇದಕ್ಕೆ. ಯಂತ್ರ ಸರಿಯಾಗಿಯೇ ಇದೆ. ನಲವತ್ತೇಳು. ಕೈ ನಡುಗುತ್ತದೆಯೇ, ಎದೆ ಬಡಿತ ಹೇಗಿದೆ, ಬೆವರುತ್ತಾರೆಯೇ ಎಂದು ಡಾಕ್ಟರಮ್ಮ ಕೇಳುತ್ತ ಹೋದರು, ಗಾನವಿ ಸ್ಪೀಕರಿನಲ್ಲಿ ಹೇಳುತ್ತ ಹೋದಳು, ಅನನ್ಯಾ ನಡುವೆ ನಿಂತು ‘ಅಜ್ಜಿ ಕೇ ಹಾಥ್ ಸೇ ಕಾಫಿ ಗಿರ್ ಜಾತೀ ಹೈ, ಮ್ಯಾಮ್, ಲೋಟಾ ಪಕಡ್ ನಹೀಂ ಪಾತೀಂ’, ಅಜ್ಜಿಯ ಕೈಯಿಂದ ಕಾಫಿ ಚೆಲ್ಲುತ್ತದೆ, ಲೋಟ ಹಿಡಿಯಲಾರರು ಎಂದು ಹಿಂದಿ ಮಾಡುತ್ತ ಹೋದಳು. ನಾನು ನನ್ನ ಮನೆಯಲ್ಲೇ ಬೇರೆಯವರ ಹಾಗೆ ಬಾಗಿಲಿಗೆ ಒರಗಿ ನಿಂತಿದ್ದೆ. ಪ್ರತಿಯೊಂದಕ್ಕೂ ಹೌದು ಎಂದೇ ಉತ್ತರ.

ಅವರು ಹೇಳಿದ್ದು ಇಷ್ಟು, ನಾನು ಒಂದು ಅಕ್ಷರ ಕೂಡಿಸಿಲ್ಲ. ಎಪ್ಪತ್ತೊಂದು ಕಿಲೋ ಮೈಗೆ ಬರೆದ ಮಾತ್ರೆ ನಲವತ್ತೇಳು ಕಿಲೋ ಮೈಗೆ ಹೆಚ್ಚಾಗುತ್ತಿರಬೇಕು. ಕೈ ನಡುಕ, ಬೆವರು, ಕರಗುವುದು, ಕೂತಲ್ಲಿ ಕೂರಲಾಗದಿರುವುದು ಎಲ್ಲ ಅದರಿಂದ ಇರಬಹುದು. ವಯಸ್ಸಿನಿಂದಲೇ ಎಂದು ಸುಮ್ಮನಿರಬಾರದು. ಹೀಗೇ ಬಿಟ್ಟರೆ ಎದೆಯ ಬಡಿತ ತಾಳ ತಪ್ಪುತ್ತದೆ, ಅದು ಅಪಾಯ. ಆದರೆ ನೀನಾಗಿಯೇ ಮಾತ್ರೆ ಬಿಡಬಾರದು, ಅರ್ಧ ಮಾಡಿ ನುಂಗಬಾರದು. ಸೋಮವಾರವೇ ಹತ್ತಿರದ ಡಾಕ್ಟರಿಗೆ ತೋರಿಸಬೇಕು, ಅವತ್ತಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು, ಇಸಿಜಿ ಮಾಡಿಸಬೇಕು. ಎಷ್ಟು ಮಾತ್ರೆ ಎಂದು ನಿನ್ನನ್ನು ಮುಟ್ಟಿ ನೋಡಿದವರು ಹೇಳಬೇಕು. ಅಷ್ಟರೊಳಗೆ ಎದೆ ತುಂಬ ಹಾರಿದರೆ, ಉಸಿರು ಕಟ್ಟಿದರೆ, ಯಾವುದಕ್ಕೂ ಕಾಯದೆ ದೊಡ್ಡ ಆಸ್ಪತ್ರೆಗೆ. ಹತ್ತಿರ ಆಸ್ಪತ್ರೆ ಎಷ್ಟು ದೂರ ಎಂದು ಅವರೂ ಕೇಳಿದರು. ಮನೆಯ ಎದುರು, ರಸ್ತೆ ದಾಟಿದರೆ ಎಂದಳು ಗಾನವಿ. ಡಾಕ್ಟರಮ್ಮ ಚಹಾದ ಕಪ್ಪು ಕೆಳಗಿಟ್ಟು, ಹಾಗಾದರೆ ಐದು ವರ್ಷ ದೂರ ಇದ್ದದ್ದು ಯಾರು ಎಂದು ಕೇಳಿದರು. ಆಮೇಲೆ ಫೈಲಿನಲ್ಲಿದ್ದ ಎರಡು ರಕ್ತದ ರಿಪೋರ್ಟು ತೆಗೆದು ನೋಡಿ, ಎರಡೂ ನಾರ್ಮಲ್ ಇವೆ, ಈ ತೂಕಕ್ಕೂ ಈ ಕಾಗದಕ್ಕೂ ಹೊಂದುತ್ತಿಲ್ಲ ಎಂದು ಹುಬ್ಬು ಗಂಟಿಕ್ಕಿದರು. ಆ ರಿಪೋರ್ಟಿನ ವಿಷಯ ಆಮೇಲೆ ಬರೆಯುತ್ತೇನೆ.

ಅಮ್ಮಾ, ನಿನಗೆ ಆ ಆಸ್ಪತ್ರೆ ಯಾಕೆ ಬೇಡ ಎಂದು ನನಗೆ ಗೊತ್ತು. ಅದು ಪ್ರಾಥಮಿಕ ಆರೋಗ್ಯ ಕೇಂದ್ರ, ಬೆಳಗಾದರೆ ಹಳ್ಳಿಯ ಬಸ್ಸು ಇಳಿದು ಜನ ಅಲ್ಲಿಗೆ ಬರುತ್ತಾರೆ, ಜಗಲಿಯ ಮೇಲೆ ಕೂತು ನೀನು ಅವರನ್ನು ನೋಡುತ್ತೀಯ, ಕುಡಿಯಲು ನೀರೂ ಕೊಡುತ್ತೀಯ. ಹತ್ತು ಮೈಲಿ ದೂರದಿಂದ ಮಗು ಎತ್ತಿಕೊಂಡು ಬಂದವಳಿಗೆ ಆ ಬಾಗಿಲು ಹತ್ತಿರ. ನಿನಗೆ ದೂರ, ಯಾಕೆಂದರೆ ನಿನಗೆ ದಿಲ್ಲಿಯಿಂದ ಬರುತ್ತದೆ. ಆಶಾ ಕಾರ್ಯಕರ್ತೆ ರತ್ನಪ್ರಭಾ ಬಿಪಿ, ಸಕ್ಕರೆ ನೋಡುತ್ತೇನೆ ಎಂದು ಮನೆ ಮನೆಗೆ ಬಂದಾಗ ನೀನು ಅವಳಿಗೆ ಕಾಫಿ ಕೊಟ್ಟು, ‘ನಮ್ಮ ಮನೆ ಬರ್ಕೋಬೇಡಮ್ಮ, ನನಗೆ ದಿಲ್ಲಿಯಿಂದ ಬರುತ್ತೆ’ ಎಂದು ಸೋನ್‌ಪಾಪ್ಡಿ ಡಬ್ಬಿ ತೋರಿಸಿ ಕಳಿಸಿದೆಯಂತೆ. ಒಂದು ಸಲವಲ್ಲ, ಬಂದಾಗಲೆಲ್ಲ. ಗಾನವಿ ಇದನ್ನು ನನಗೆ ನಗುತ್ತ ಹೇಳಿದ್ದಳು, ನಾನೂ ನಕ್ಕಿದ್ದೆ. ಒಳಗೆ ಹೆಮ್ಮೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ನೀನೇ ಊರವರಿಗೆಲ್ಲ ಹೇಳುತ್ತಿದ್ದೆ. ನಿನ್ನ ಅಂಗಳದ ಮುಂದೆ ಮದ್ದಿದ್ದಾಗ ನಿನ್ನ ಕಣ್ಣಿಗೆ ಬೀಳದ ಹಾಗೆ ಮಾಡಿದವನು ನಾನು. ನನ್ನ ಡಬ್ಬಿ ಬರದೇ ಹೋಗಿದ್ದರೆ ನೀನು ಎರಡನೇ ತಿಂಗಳೇ ರಸ್ತೆ ದಾಟುತ್ತಿದ್ದೆ. ಅಲ್ಲಿ ತೂಕ ನೋಡುತ್ತಿದ್ದರು, ಕೈ ಹಿಡಿದು ನೋಡುತ್ತಿದ್ದರು, ಅಜ್ಜಿ ಯಾಕೆ ಇಳಿದುಹೋಗಿದ್ದೀರಿ ಎಂದು ಕನ್ನಡದಲ್ಲೇ ಕೇಳುತ್ತಿದ್ದರು. ನಾನು ನಿನಗೆ ಮಾತ್ರೆ ಕಳಿಸಿದೆ ಎಂದುಕೊಂಡಿದ್ದೆ. ನನಗೆ ಭಯವಾಗುತ್ತಿದೆ.

ಆದ್ದರಿಂದ ಈ ತಿಂಗಳು ಡಬ್ಬಿ ಬರುವುದಿಲ್ಲ. ಕಾಯಬೇಡ, ಅಂಚೆಯವನನ್ನು ಬೈಯಬೇಡ. ನಿನ್ನಲ್ಲಿ ಇನ್ನೂ ಹನ್ನೊಂದು ಮಾತ್ರೆ ಇವೆ ಎಂದು ಗಾನವಿ ಎಣಿಸಿದ್ದಾಳೆ. ಆ ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಹೋಗು, ಡಾಕ್ಟರಿಗೆ ತೋರಿಸು. ಮುಂದೆ ಎಷ್ಟು, ಯಾವುದು, ಎಲ್ಲಿಂದ ಎಂದು ಅವರು ಹೇಳಿದ ಹಾಗೆ. ನಿನ್ನ ಹೆಸರನ್ನು ನನ್ನ ಕಾರ್ಡಿನಿಂದ ತೆಗೆಯಲು ನಾಳೆ ಅರ್ಜಿ ಕೊಡುತ್ತೇನೆ. ಸುಳ್ಳು ಬರೆದುಕೊಟ್ಟದ್ದಕ್ಕೆ ಆಫೀಸಿನವರು ಏನು ಮಾಡುತ್ತಾರೋ ಮಾಡಲಿ, ಅದು ನನ್ನ ಪಾಡು, ಅದಕ್ಕಾಗಿ ನೀನು ನಿದ್ದೆ ಕೆಡಬೇಡ. ಮಗ ನಿನ್ನನ್ನು ಬಿಟ್ಟ ಎಂದು ಮಾತ್ರ ಅಂದುಕೊಳ್ಳಬೇಡ. ಮುಂದಿನ ವಾರ ರಜೆ ಸಿಕ್ಕ ಕೂಡಲೇ ಬರುತ್ತೇನೆ. ಆದರೆ ನಾನು ಬರಲಿ, ಜೊತೆಗೆ ಹೋಗೋಣ ಎಂದು ಕೂತಿರಬೇಡ. ನಾನು ಬರುವ ಹೊತ್ತಿಗೆ ರಿಪೋರ್ಟು ನಿನ್ನ ಕೈಯಲ್ಲಿರಬೇಕು.

ಗಾನವಿಗೂ ಇಂದುಶೇಖರರಿಗೂ ನನ್ನ ನೆನಪುಗಳು, ಪುಟ್ಟನಿಗೆ ಮುತ್ತು. ಅನನ್ಯಾ ನಿನಗೆ ಏನೋ ಬರೆಯಬೇಕೆಂದು ಪೆನ್ನು ಕಿತ್ತುಕೊಂಡು ‘ಅಜ್ಜಿ ಪ್ಲೀಸ್ ಹೋಗು’ ಎಂದು ಕೆಳಗೆ ಬರೆದಿದ್ದಾಳೆ, ಕನ್ನಡದಲ್ಲೇ, ಒತ್ತಕ್ಷರ ತಪ್ಪಿಲ್ಲ. ಸುಮಿತ್ರಾ ನಿನ್ನ ಕಾಲಿಗೆ ಬೀಳುತ್ತಾಳೆ. ನಾನೂ ಬೀಳುತ್ತೇನೆ, ಎಬ್ಬಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಮಗ,
ಗೋಪಿನಾಥ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಸುಮಿತ್ರಾ ಕಾಗದ ಓದಿ, ಮುಖ್ಯವಾದದ್ದೇ ಇಲ್ಲವಲ್ಲ ಎಂದಳು. ಆ ಎರಡು ರಿಪೋರ್ಟು ನಿನ್ನವಲ್ಲ ಅಮ್ಮಾ. ವರ್ಷಕ್ಕೊಂದು ರಕ್ತ ಪರೀಕ್ಷೆ ಇಲ್ಲದೆ ಮಾತ್ರೆ ಬರೆಯಲಾರೆ ಎಂದು ಹಿರಿಯ ಡಾಕ್ಟರು ಹಟ ಹಿಡಿದಾಗ, ನಾನು ಸುಮಿತ್ರಾಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ನಿನ್ನ ಹೆಸರು ಬರೆಸಿದೆ. ಬೇಡ ಎಂದಳು, ಒಂದು ತೊಟ್ಟು ರಕ್ತ ತಾನೇ ಎಂದೆ. ಚೀಟಿಯಲ್ಲಿ ಶಾರದಮ್ಮ, ಅರವತ್ತಾರು ಎಂದಿತ್ತು, ಚಾಚಿದ್ದು ನಲವತ್ತರ ಕೈ, ಯಾರೂ ತಲೆಯೆತ್ತಿ ನೋಡಲಿಲ್ಲ. ಮರುವರ್ಷ ಮತ್ತೆ ಹೋದೆವು. ಅವಳಿಗೆ ಏನೂ ಇಲ್ಲ, ಆದ್ದರಿಂದ ನಿನಗೂ ಏನೂ ಇಲ್ಲ ಎಂದು ಬಂತು. ಅದನ್ನು ನಂಬಿ ಆ ಡಾಕ್ಟರು ಅದೇ ಮಾತ್ರೆ ಮುಂದುವರಿಸಿದರು. ಅವರ ತಪ್ಪಿಲ್ಲ. ನಿನ್ನೆ ಎಲ್ಲವನ್ನೂ ಒಪ್ಪಿಕೊಂಡವನು ಇದೊಂದನ್ನು ಹೇಳದೆ ಡಾಕ್ಟರಮ್ಮನನ್ನು ಲಿಫ್ಟಿನವರೆಗೆ ಬಿಟ್ಟು ಬಂದೆ. ನಾಳೆ ಡಿಸ್ಪೆನ್ಸರಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಹೇಳುತ್ತೇನೆ. ನೀನು ಅಲ್ಲಿ ಹೇಳು: ಐದು ವರ್ಷದಿಂದ ನನ್ನ ರಕ್ತ ಯಾರೂ ನೋಡಿಲ್ಲ. ಗಾನವಿ ಇದನ್ನು ಓದಿದರೆ ಓದಲಿ. ದೇವರ ಗೂಡಿನ ಬಾಗಿಲಿಗೆ ಅಂಟಿಸಿದ ಚೀಟಿ ಕಿತ್ತುಹಾಕಿ ಇದನ್ನು ಅಂಟಿಸು, ಬರೆದು ಕಳಿಸು ಎಂದೆಯಲ್ಲ, ನನ್ನದೇ ಕೈ:

ಸೋಮವಾರ ಬೆಳಿಗ್ಗೆ. ಖಾಲಿ ಹೊಟ್ಟೆ. ಎದುರಿನ ಆಸ್ಪತ್ರೆ. ಗಾನವಿಯ ಜೊತೆ.